ಕೊಂಬು ನೋಡಿ ಹೆಸರು

ವಿಜಯಪುರ ಜಿಲ್ಲೆಯ ಹೊನವಾಡದ ಕಡೆ ಎತ್ತಿಗೆ ಹೆಸರಿಡಲು ಯಾರೂ ಪಂಚಾಂಗ ತೆಗೆಯುವುದಿಲ್ಲ. ಜಾತ್ರೆಯಿಂದ ಹೋರಿ ಮನೆಗೆ ಬಂದರೆ ಬಾಗಿಲಲ್ಲೇ ಕಾಲಿಗೆ ನೀರು ಹಾಕುತ್ತಾರೆ, ಹಣೆಗೆ ಕುಂಕುಮ ಹಚ್ಚುತ್ತಾರೆ, ಹೆಣ್ಣುಮಕ್ಕಳು ಆರತಿ ಬೆಳಗುತ್ತಾರೆ. ಹೆಸರಿಗೆ ಮಾತ್ರ ಅವಸರವಿಲ್ಲ. ಗೋದಲಿಗೆ ಕಟ್ಟಿ ನಾಲ್ಕು ದಿನ ನೋಡುತ್ತಾರೆ. ಕಣಕಿಗೆ ಹೇಗೆ ಬಾಯಿ ಹಾಕುತ್ತದೆ, ಹೊಸಬರು ಹತ್ತಿರ ಬಂದರೆ ಹಾಯುತ್ತದೋ ಸುಮ್ಮನಿರುತ್ತದೋ, ನೊಗ ಇಟ್ಟರೆ ಹೆಗಲು ಕೊಡುತ್ತದೋ ಕೊಸರಿಕೊಳ್ಳುತ್ತದೋ. ಮೈಬಣ್ಣ ಕೆಂಪಿಗೆ ತಿರುಗಿದ್ದರೆ ಕೆಂದ್ಯಾ, ಕಪ್ಪಿಗೆ ತಿರುಗಿದ್ದರೆ ಕರಿಯಾ, ಏನೂ ತೋಚದಿದ್ದರೆ ಬಸ್ಯಾ. ಜೋಡಿ ಸರಿಯಾಗಿ ಕೂಡಿತೆಂದರೆ ಸರ್ಜಾ-ರಾಜಾ. ಇದು ಗಡಿಯಾಚೆಯ ಜತ್ತ, ಸಾಂಗೋಲಾ ಕಡೆಯಿಂದ ಎತ್ತಿನ ಜತೆಗೇ ನಡೆದು ಬಂದ ಮರಾಠಿ ಹೆಸರು. ಯಾವ ಹೆಸರೂ ಎರಡು ಮೂರು ಅಕ್ಷರ ದಾಟುವುದಿಲ್ಲ, ಕೊನೆಯ ಸ್ವರವನ್ನು ಬೇಕಾದಷ್ಟು ಎಳೆಯಬಹುದು. ಎರಿಹೊಲದ ಈ ಬದುವಿನಲ್ಲಿ ನಿಂತು ಕೂಗಿದರೆ ಆ ಬದುವಿಗೆ ಮುಟ್ಟಬೇಕಲ್ಲ.

ಈಗ ಎತ್ತುಗಳು ಕಡಿಮೆಯಾದವು. ತಿಕೋಟಾ ಸುತ್ತಿನ ದ್ರಾಕ್ಷಿ ತೋಟಗಳಲ್ಲಿ ಟ್ರ್ಯಾಕ್ಟರು ಓಡಾಡುತ್ತದೆ, ಅದಕ್ಕೆ ಕಂಪನಿಯೇ ಹೆಸರಿಟ್ಟು ಕಳಿಸಿರುತ್ತದೆ. ಹೆಸರಿಡುವ ಹಂಬಲ ದನದ ಕೊಟ್ಟಿಗೆಯಿಂದ ಅಂಗಳದ ನಾಯಿಗೆ, ಅಡಿಗೆಮನೆಯ ಬೆಕ್ಕಿಗೆ ಬಂದು ನಿಂತಿದೆ. ಅಲ್ಲಿಗೆ ಒಂದು ವಿಚಿತ್ರ ಭಾಷೆಯೂ ಬಂದು ಸೇರಿದೆ. ಯಾವ ದೇಶದಲ್ಲೂ ಯಾರ ತಾಯಿಯೂ ಜೋಗುಳ ಹಾಡದ ಭಾಷೆ.

ಜೆ.ಆರ್.ಆರ್. ಟೋಲ್ಕಿನ್ ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷ್ ಕಲಿಸುತ್ತಿದ್ದ ಪ್ರಾಧ್ಯಾಪಕ. 1892ರಲ್ಲಿ ಹುಟ್ಟಿದವರು, 1973ರಲ್ಲಿ ತೀರಿಕೊಂಡರು. ಹುಡುಗತನದಿಂದಲೂ ಭಾಷೆ ಕಟ್ಟುವುದು ಅವರ ಹುಚ್ಚು. ಎಲ್ಫ್ ಎಂಬ ಮುಪ್ಪಿಲ್ಲದ ಜನಾಂಗವೊಂದನ್ನು ಕಲ್ಪಿಸಿ ಅವರಿಗೆ ಎರಡು ಭಾಷೆ ಕೊಟ್ಟರು. ಫಿನ್ನಿಶ್ ಭಾಷೆಯ ಮೋಹದಲ್ಲಿ ಕಟ್ಟಿದ್ದು ಕ್ವೆನ್ಯಾ, ವೆಲ್ಶ್ ಭಾಷೆಯ ನಾದ ಹಿಡಿದು ಕಟ್ಟಿದ್ದು ಸಿಂದಾರಿನ್. ಎರಡಕ್ಕೂ ವ್ಯಾಕರಣವಿದೆ, ಕಾಲಕಾಲಕ್ಕೆ ಧ್ವನಿ ಬದಲಾದ ಇತಿಹಾಸವೂ ಇದೆ. ಮಾತು ಸಿದ್ಧವಾದ ಮೇಲೆ ಆಡುವವರು ಬೇಕಾಯಿತು, ಆಡುವವರಿಗೆ ಬಾಳು ಬೇಕಾಯಿತು, ಹಾಗೆ ಕತೆ ಬಂತು. ‘ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. 2001ರಿಂದ 2003ರವರೆಗೆ ಬಂದ ಅದರ ಸಿನಿಮಾಗಳನ್ನು ಟೀವಿಯಲ್ಲಿ ನೋಡುತ್ತ ಬೆಳೆದ ಮಕ್ಕಳು ಈಗ ನೌಕರಿ ಹಿಡಿದಿದ್ದಾರೆ, ಬಾಡಿಗೆ ಮನೆ ಮಾಡಿದ್ದಾರೆ, ನಾಯಿ ಸಾಕಿದ್ದಾರೆ. ಆರ್ವೆನ್, ಲೂಥಿಯೆನ್, ಇಥಿಲ್ ಎಂಬ ಹೆಸರುಗಳು ನಾಯಿಯ ಕೊರಳಪಟ್ಟಿಗೆ ಹತ್ತಿದ್ದು ಹೀಗೆ.

ಇದಕ್ಕೆ ಟೋಲ್ಕಿನ್ ಏನೆನ್ನುತ್ತಿದ್ದರು ಎಂದು ಊಹಿಸುವ ಕಷ್ಟವಿಲ್ಲ. ಅವರನ್ನು ಬದುಕಿದ್ದಾಗಲೇ ಕೇಳಿದವರಿದ್ದಾರೆ. 1959ರಲ್ಲಿ ಕೇಂಬ್ರಿಜ್‌ನ ಬೆಕ್ಕು ಸಾಕಣೆಯವರೊಬ್ಬರು ತಮ್ಮ ಸಯಾಮಿ ಮರಿಗಳನ್ನು ಕಾದಂಬರಿಯ ಹೆಸರುಗಳಲ್ಲಿ ನೋಂದಾಯಿಸಲು ಪರವಾನಗಿ ಬೇಡಿದರು. ಸಯಾಮಿ ಬೆಕ್ಕು ನನ್ನ ಲೆಕ್ಕದಲ್ಲಿ ಕತೆಯ ದುಷ್ಟರ ನಾಡಾದ ಮೋರ್ಡೋರಿನ ಪ್ರಾಣಿ, ಆದರೆ ಇದನ್ನು ಅವರಿಗೆ ಹೇಳಬೇಕಾಗಿಲ್ಲ ಎಂದು ಮುದುಕ ತನ್ನ ಪ್ರಕಾಶಕರಿಗೆ ಬರೆದು ಕೈತೊಳೆದುಕೊಂಡ. ಬೆಕ್ಕಿನ ವಿಷಯ ಅಲ್ಲಿಗೆ ಮುಗಿಯಿತು.

ದನದ ವಿಷಯಕ್ಕೆ ಬಂದಾಗ ಅವರು ಹಾಗೆ ಮಾಡಲಿಲ್ಲ. 1972ರ ನವೆಂಬರಿನಲ್ಲಿ, ತೀರಿಕೊಳ್ಳುವ ವರ್ಷಕ್ಕೆ ಮೊದಲು, ತಳಿದನ ಸಾಕುವ ಇಂಗ್ಲೆಂಡಿನ ಹೆಣ್ಣುಮಗಳೊಬ್ಬಳ ಕಾಗದ ಬಂತು. ಕಾದಂಬರಿಯಲ್ಲಿ ಬರುವ ರಿವೆಂಡೆಲ್ ಎಂಬ ಕಣಿವೆಯ ಹೆಸರನ್ನು ತನ್ನ ಹಿಂಡಿಗೆ ಇಟ್ಟುಕೊಳ್ಳಲೇ ಎಂದು ಆಕೆ ಕೇಳಿದ್ದಳು. ಟೋಲ್ಕಿನ್ ಸಂತೋಷದಿಂದ ಒಪ್ಪಿದರು. ಹೋರಿಗಳಿಗೂ ಅಲ್ಲಿಯ ಪಾತ್ರಗಳ ಹೆಸರೇ ಆಗಬಹುದೇ ಎಂಬ ಮಾತು ಬಂದಾಗ ಮಾತ್ರ ತಲೆ ಅಲ್ಲಾಡಿಸಿದರು. ಕುಲೀನ ಮನುಷ್ಯರ ಹೆಸರನ್ನು ಪ್ರಾಣಿಗೆ ಇಡುವುದು ತನಗೆ ಅಷ್ಟು ಸರಿತೋರದು ಎಂದರು. ಎಲ್‌ರೋಂಡ್ ಎಂದರೆ ನಕ್ಷತ್ರಗಳ ಕಮಾನು, ಗ್ಲೋರ್‌ಫಿಂಡೆಲ್ ಎಂದರೆ ಹೊಂಗೂದಲಿನವನು, ಹೋರಿಗೆ ಇವು ಹೊಂದುವುದಿಲ್ಲ ಎಂದೂ ವಿವರಿಸಿದರು. ಅಷ್ಟಕ್ಕೇ ಬಿಡದೆ ಕುಳಿತು ಹೊಸ ಹೆಸರು ಹೊಸೆದರು. ಎಲ್ಫ್‌ಗಳ ಭಾಷೆಯಾದ ಎಲ್ವಿಶ್‌ನಲ್ಲಿ ಹೋರಿಗೆ ಮುಂಡೋ ಎನ್ನುತ್ತಾರೆ. (ನಮ್ಮ ಕಿವಿಗೆ ಬೈಗುಳದ ಹತ್ತಿರ ಬರುತ್ತದೆ, ಇರಲಿ.) ಅದರ ಮೊದಲಿಗೆ ಒಂದೊಂದು ಮಾತು ಕೂಡಿಸಿ ಅರಮುಂಡ್ ಎಂದರು, ರಾಜಠೀವಿಯ ಹೋರಿ. ಟುರ್ಕೊಮುಂಡ್ ಎಂದರು, ಹೋರಿಗಳ ನಾಯಕ. ರಾಸ್‌ಮುಂಡ್ ಎಂದರು, ಕೊಂಬಿನ ಹೋರಿ.

ಇದನ್ನು ಓದಿದಾಗ ನನಗೆ ನಗು ಬಂತು. ಜಗತ್ತೆಲ್ಲ ತಲೆದೂಗಿದ ಭಾಷಾಪಂಡಿತ, ತಾನೇ ಕಟ್ಟಿದ ಭಾಷೆಯಲ್ಲಿ ಎಷ್ಟೋ ಸುಂದರ ಹೆಸರುಗಳಿದ್ದರೂ, ಎದುರಿಗೆ ಹೋರಿ ಬಂದ ಕೂಡಲೇ ನಮ್ಮ ತಿಕೋಟಾ ರೈತನ ಹಾಗೆ ಅದರ ಕೊಂಬನ್ನು ನೋಡಿದ್ದಾರೆ. ವಿಜಯಪುರದ ಖಿಲಾರಿ ಎತ್ತನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಳಿ ಮೈ, ಹಿಂದಕ್ಕೆ ಬಾಗಿ ಮೇಲಕ್ಕೆ ಏಳುವ ಉದ್ದನೆಯ ಕೊಂಬು. ಕಾರಹುಣ್ಣಿಮೆಗೆ ಅದನ್ನು ಹೆರೆದು, ಎಣ್ಣೆ ಸವರಿ, ಬಣ್ಣ ಬಳಿದು, ತುದಿಗೆ ಹಿತ್ತಾಳೆಯ ಕೊಂಬಣಸು ಹಾಕುವಾಗ ರೈತನ ಕೈ ಮಗಳ ಜಡೆ ಹೆಣೆಯುವ ತಾಯಿಯ ಕೈಯಂತೆ ಓಡುತ್ತದೆ. ಟೋಲ್ಕಿನ್‌ಗೆ ಆ ಕೊಂಬು ಕಾಣುವ ಯೋಗ ಬರಲಿಲ್ಲ.

ನಾಯಿಯ ವಿಷಯದಲ್ಲೂ ಅವರದು ಅದೇ ರೀತಿ. 1977ರಲ್ಲಿ, ಅವರ ಮರಣದ ನಂತರ ಬಂದ ‘ಸಿಲ್ಮರಿಲಿಯನ್’ ಪುಸ್ತಕದಲ್ಲಿ ಹುವಾನ್ ಎಂಬ ನಾಯಿಯಿದೆ. ಒಡೆಯ ಕೆಟ್ಟ ದಾರಿ ಹಿಡಿದಾಗ ಅವನನ್ನು ಬಿಟ್ಟು ನ್ಯಾಯದ ಪಕ್ಷಕ್ಕೆ ಹೋದ ನಾಯಿ, ಆಯುಷ್ಯದಲ್ಲಿ ಮೂರೇ ಮೂರು ಸಲ ಮಾತಾಡಲು ಅಪ್ಪಣೆ ಪಡೆದ ನಾಯಿ. ಎಲ್ವಿಶ್ ಲೋಕದ ಈ ಮಹಾಶ್ವಾನದ ಹೆಸರಿನ ಅರ್ಥ ಬರೀ ನಾಯಿ ಎಂದು. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ‘ಕಿವಿ’ ಎಂಬ ನಾಯಿಯ ನೆನಪಾಗಬಹುದು. ದೊಡ್ಡ ಬರಹಗಾರರು ನಾಯಿಗೆ ಹೆಸರಿಡುವಾಗ ತಮ್ಮ ವಿದ್ವತ್ತನ್ನು ಹೊರಗೆ ಬಿಟ್ಟು ಬರುತ್ತಾರೋ ಏನೋ.

ಹೊನವಾಡದ ಪರಿಚಯದ ಮನೆಯೊಂದರಲ್ಲಿ ಈ ಹೆಸರಿನ ತಕರಾರು ಕಣ್ಣೆದುರೇ ನಡೆಯಿತು. ಪುಣೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮೊಮ್ಮಗ ಮುಧೋಳ ತಳಿಯ ಮರಿ ತಂದು ಅದಕ್ಕೆ ‘ಮೆಲ್ಲೊನ್’ ಎಂದು ಹೆಸರಿಟ್ಟಿದ್ದ. ಸಿಂದಾರಿನ್‌ನಲ್ಲಿ ಗೆಳೆಯ. ಕತೆಯಲ್ಲಿ ಮೋರಿಯಾ ಎಂಬ ಗುಹಾನಗರದ ಕಲ್ಲುಬಾಗಿಲು ಈ ಒಂದೇ ಮಾತಿಗೆ ತೆರೆದುಕೊಳ್ಳುತ್ತದೆ. ಅವನು ಅಂಗಳದಲ್ಲಿ ಮರಿಯನ್ನು ಕರೆಯುತ್ತಿದ್ದಂತೆ ಒಳಗಿನಿಂದ ಆಯಿ ಎದ್ದು ಬಂದಳು.

“ಮಲ್ಲಯ್ಯನ ಹೆಸರ ನಾಯಿಗಿ ಇಡ್ತಾರೇನೋ? ಶ್ರೀಶೈಲಕ್ಕ ನಡಕೋತ ಹೋಗಿ ಬಂದ ಮನಿತನ ಇದು.”

“ಮಲ್ಲಯ್ಯ ಅಲ್ಲಬೇ ಆಯಿ, ಮೆಲ್ಲೊನ್. ಗೆಳೆಯಾ ಅಂತ ಅರ್ಥ.”

“ಯಾವ ಊರ ಮಾತದು?”

“ಯಾವ ಊರದೂ ಅಲ್ಲ. ಒಬ್ಬಾವ ಕುಂತು ಮಾಡಿದ್ದು.”

“ಹಂಗಾದ್ರ ಅದಕ್ಕ ತಿಳಿಯೂದು ಹ್ಯಾಂಗ?”

ಮೊಮ್ಮಗನ ಬಳಿ ಉತ್ತರವಿರಲಿಲ್ಲ. ಆಯಿಯೇ ರಾಜಿ ಮಾಡಿಕೊಂಡು ಸಂಜೆ ರೊಟ್ಟಿಚೂರು ಹಿಡಿದು “ಮೆಲ್ಯಾ, ಮೆಲ್ಯಾ” ಎಂದು ಕರೆದಳು, ಅದು ಬಾಲ ಅಲ್ಲಾಡಿಸುತ್ತ ಬಂತು. ನಮ್ಮ ಕಡೆಯ ಆ ‘ಯಾ’ ಎಂಥ ಹೆಸರನ್ನೂ ನುಂಗಿ ತನ್ನದು ಮಾಡಿಕೊಳ್ಳುತ್ತದೆ. ಬಸವರಾಜ ಬಸ್ಯಾ, ಟಾಮಿ ಟಾಮ್ಯಾ. ಅದಕ್ಕೆ ಎಲ್ಫ್ ಯಾವ ಲೆಕ್ಕ?

ಆದರೂ ಆಯಿಯ ಪ್ರಶ್ನೆಯನ್ನು ನಕ್ಕು ಬಿಡುವಂತಿಲ್ಲ. ಯಾರೂ ಆಡದ ಭಾಷೆಯಲ್ಲಿ ಕರೆದರೆ ನಾಯಿಗೆ ತಿಳಿಯುವುದು ಹೇಗೆ? ನಿಜವಾಗಿ ನೋಡಿದರೆ ಅದಕ್ಕೆ ಕನ್ನಡವೂ ಎಲ್ವಿಶ್ಶೇ. ಅದು ಅರ್ಥ ಕೇಳುವುದಿಲ್ಲ, ದನಿ ಕೇಳುತ್ತದೆ. ಕರೆಯುವ ಬಾಯಿ ಯಾರದು, ಕರೆದ ಮೇಲೆ ಸಿಗುವುದು ರೊಟ್ಟಿಯೋ ಬಡಿಗೆಯೋ, ಅದಕ್ಕೆ ಬೇಕಾದ ವ್ಯಾಕರಣ ಇಷ್ಟೇ. ಹಾಗಾಗಿ ಪರಭಾಷೆಯ ಹೆಸರಿಟ್ಟರೆ ನಾಡುನುಡಿಗೆ ದ್ರೋಹವಾಯಿತೆಂದು ಮೈಮೇಲೆ ಬರುವವರ ಜತೆ ನಾನಿಲ್ಲ. ನಮ್ಮ ಜಿಲ್ಲೆಯ ಪ್ರಾಣಿಗಳು ಯಾವ ಕಾಲದಲ್ಲೂ ಶುದ್ಧ ಕನ್ನಡ ಹೆಸರುಗಳಿಗೆ ಕಟ್ಟುಬಿದ್ದಿರಲಿಲ್ಲ.

ವಿಜಯಪುರದಿಂದ ತಿಕೋಟಾ ದಾರಿ ಹಿಡಿದರೆ ತೊರವಿ ಸಿಗುತ್ತದೆ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ದನದ ಸಂತೆ ಅಲ್ಲಿ ನೆರೆಯುತ್ತದೆ. ಅದರ ಬಗಲಿಗೇ ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಕಟ್ಟತೊಡಗಿದ ನವರಸಪುರದ ಪಾಳುಗೋಡೆಗಳಿವೆ. ಸಂಗೀತದ ಮರುಳನಾದ ಆ ಸುಲ್ತಾನ ತನ್ನ ಮೆಚ್ಚಿನ ಆನೆಯನ್ನು ಆತಶ್ ಖಾನ್ ಎಂದು ಕರೆದ, ಮೆಚ್ಚಿನ ತಂಬೂರಿಯನ್ನು ಮೋತಿ ಖಾನ್ ಎಂದು ಕರೆದ. ಆತಶ್ ಎಂದರೆ ಪಾರಸಿಯಲ್ಲಿ ಬೆಂಕಿ, ಖಾನ್ ಎಂಬುದು ಸರದಾರರಿಗೆ ಕೊಡುವ ಪದವಿ. ಕುಲೀನರ ಹೆಸರು ಪ್ರಾಣಿಗೆ ಬೇಡವೆಂದು ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಹಿಂಜರಿದರೆ, ಬಿಜಾಪುರದ ಸುಲ್ತಾನ ಆನೆಗಷ್ಟೇ ಅಲ್ಲ, ತಂತಿವಾದ್ಯಕ್ಕೂ ದರ್ಬಾರಿನ ಪದವಿ ಕೊಟ್ಟುಬಿಟ್ಟಿದ್ದ.

ಬಸವನ ಬಾಗೇವಾಡಿಗೆ ಬಂದರೆ ಈ ತರ್ಕ ಪೂರಾ ತಲೆಕೆಳಗಾಗುತ್ತದೆ. ಅಲ್ಲಿ ನಂದಿಗೆ ಹರಕೆ ಹೊತ್ತು ಹಡೆದ ಮಗುವಿಗೆ, ಅಂದರೆ ಬಸವಣ್ಣನಿಗೆ, ತಾಯಿ ಎತ್ತಿನ ಹೆಸರಿಟ್ಟಳು ಎಂಬುದು ನಂಬಿಕೆ. ನಮ್ಮಲ್ಲಿ ಬಸ್ಯಾ ಎಂಬ ಎತ್ತು ಮನುಷ್ಯನ ಹೆಸರನ್ನು ಕದ್ದಿಲ್ಲ, ಮನುಷ್ಯನೇ ಎತ್ತಿನ ಹತ್ತಿರ ಕಡ ತಂದಿದ್ದಾನೆ. ಪ್ರಾಣಿಗೆ ಕುಲೀನರ ಹೆಸರು ಸಲ್ಲದು ಎಂಬ ಟೋಲ್ಕಿನ್ ಮಾತನ್ನು ಈ ಊರಿನಲ್ಲಿ ಹೇಳಿದರೆ ಜನ ನಕ್ಕಾರು.

ಹಾಗಾದರೆ ಆಯಿ ಯಾಕೆ ಸಿಟ್ಟಾದಳು? ಇಲ್ಲಿ ನಮ್ಮದೇ ಒಂದು ಹುಳುಕಿದೆ. ಎತ್ತಿಗೆ ರಾಮ-ಲಕ್ಷ್ಮಣ ನಡೆಯುತ್ತದೆ, ಆಕಳಿಗೆ ಗಂಗಿ, ಗೌರಿ ನಡೆಯುತ್ತದೆ, ನಾಯಿಗೆ ನಡೆಯುವುದಿಲ್ಲ. ಹೊಲ ಕಾಯುವುದು ಅದೇ, ಕುರಿಹಿಂಡಿನ ಸುತ್ತ ರಾತ್ರಿಯೆಲ್ಲ ತಿರುಗುವುದು ಅದೇ, ಆದರೂ ದೇವರ ಹೆಸರಿನ ಪಂಕ್ತಿಗೆ ಅದನ್ನು ಕೂಡಿಸಿಕೊಂಡಿಲ್ಲ. ನಾಯಿಯ ಹೆಸರನ್ನು ಅಪಮಾನಕ್ಕೆ ಬಳಸುವುದು ಹಳ್ಳಿಯ ಹಳೆಯ ವಿದ್ಯೆ. ಆಗದವನ ಹೆಸರನ್ನೇ ನಾಯಿಗಿಟ್ಟು, ಅವನು ಓಣಿಯಲ್ಲಿ ಹಾಯುವ ಹೊತ್ತಿಗೆ “ಹಚಾ” ಎಂದು ಗದರಿಸುವುದು. ಇಂಥ ಕಡೆ ಟಾಮಿ, ಟೈಗರ್ ಎಂಬ ಇಂಗ್ಲಿಷ್ ಹೆಸರುಗಳು ಬೇರು ಬಿಟ್ಟಿದ್ದಕ್ಕೆ ಬರೀ ಸಾಹೇಬರ ಅನುಕರಣೆ ಕಾರಣವಲ್ಲ. ಅವು ಯಾರ ದೇವರಿಗೂ, ಯಾರ ಅಜ್ಜನಿಗೂ, ಯಾರ ಜಾತಿಗೂ ತಾಕುವುದಿಲ್ಲ. ಎಲ್ವಿಶ್‌ಗೂ ಆ ಗುಣವಿದೆ. ಪ್ರತಿ ಹೆಸರಿಗೂ ವಾರಸುದಾರರಿರುವ ಊರಿನಲ್ಲಿ ಯಾರ ಆಸ್ತಿಯೂ ಅಲ್ಲದ ಭಾಷೆ ಸಿಕ್ಕಿದ್ದು ಒಳ್ಳೆಯದೇ ಆಯಿತು ಎನ್ನಬೇಕು.

ಕನ್ನಡನಾಡು ನಾಯಿಯನ್ನು ಯಾವಾಗಲೂ ಹೊರಗೇ ನಿಲ್ಲಿಸಿತ್ತು ಎಂದೂ ಅಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನದ ಕತೆ ಕೇಳಿ. 949ರಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಕಾಳಗವಾಯಿತು. ಕೃಷ್ಣನ ಕಡೆ ಹೋರಾಡಿದ ಗಂಗರ ಬೂತುಗ ತನ್ನ ವೀರ ಮಣಲೇರನ ಶೌರ್ಯ ಮೆಚ್ಚಿ, ಏನು ಬೇಕೋ ಕೇಳು ಎಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಮುಂದೆ ಕಾಡುಹಂದಿಯೊಡನೆ ಹೋರಾಡಿ ಹಂದಿಯನ್ನೂ ಕೊಂದು ತಾನೂ ಸತ್ತಿತು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ, ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣಬಾರದೆಂದು ಕಟ್ಟುಮಾಡಿದ. ನಾಯಿಯ ಹೆಸರು ದೇವಿಯ ಹೆಸರೇ. ಸಾವಿರ ವರ್ಷದ ಹಿಂದೆ ಯಾರಿಗೂ ಅದು ಅಪಚಾರವಾಗಿ ಕಂಡಂತಿಲ್ಲ.

ಹಾಗಾದರೆ ಭಾಷೆ ತಪ್ಪಲ್ಲ, ಹೆಸರಿನ ಎತ್ತರವೂ ತಪ್ಪಲ್ಲ. ತಪ್ಪು ಎಲ್ಲಿದೆಯೆಂದರೆ, ಹೆಸರನ್ನು ಕೇಳುವ ಪ್ರಾಣಿಗಾಗಿ ಇಡದೆ, ಅದರ ಅರ್ಥ ಕೇಳುವ ಅತಿಥಿಗಾಗಿ ಇಡುವುದರಲ್ಲಿ. ಬಂದವರು “ಏನ್ರೀ ಹೆಸರು?” ಎನ್ನಬೇಕು, ನಾವು ಹೇಳಬೇಕು, ಅವರಿಗೆ ತಿಳಿಯಬಾರದು, ಆಗ ನಾವು ಕುರ್ಚಿ ಸರಿಸಿಕೊಂಡು ವಿವರಿಸಬೇಕು. ಈ ಸಂಭ್ರಮದಲ್ಲಿ ನಾಯಿಯ ಪಾಲು ಏನೂ ಇಲ್ಲ. ಅದು ಮೂಲೆಯಲ್ಲಿ ಕುಳಿತು ನೀರಿಗೆ ಕಾಯುತ್ತಿರುತ್ತದೆ. ಎಷ್ಟೋ ಸಲ ಮರಿ ಮನೆಗೆ ಬರುವ ಮೊದಲೇ ಹೆಸರು ಬಂದಿರುತ್ತದೆ, ಮೊಬೈಲಿನಲ್ಲಿ ಪಟ್ಟಿ ಮಾಡಿ, ಗೆಳೆಯರಿಗೆ ಕಳಿಸಿ, ಮತ ಹಾಕಿಸಿ. ಇನ್ನೂ ಕಣ್ಣಿಂದ ನೋಡದ ಜೀವಕ್ಕೆ ಹೆಸರು ಹೊಂದುವುದಾದರೂ ಹೇಗೆ? ಟೋಲ್ಕಿನ್ ಬೇಡವೆಂದದ್ದು ಇಂಥ ಹೊಂದಿಕೆಯಿಲ್ಲದ ಹೆಸರನ್ನೇ. ಆ ಹೆಸರುಗಳನ್ನು ಕಟ್ಟಿದವರು ತಾವೇ ಆಗಿದ್ದೂ ಬೇಡವೆಂದರು.

ಹೆಸರಿನ ಹಿಂದೆ ತಳಿಯೂ ಬರುತ್ತದೆ, ಅಲ್ಲಿ ಮಾತು ತಮಾಷೆಯಾಗಿ ಉಳಿಯುವುದಿಲ್ಲ. ಹಿಮದ ನಾಡಿನ ಕತೆಯ ಹೆಸರಿಗೆ ಹಿಮದ ನಾಡಿನ ನಾಯಿಯೇ ಬೇಕೆನಿಸುತ್ತದೆ. ಹಾಗೆ ಹಸ್ಕಿ ಬರುತ್ತದೆ. ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸೈಬೀರಿಯಾದ ಚಳಿ ತಡೆಯಲೆಂದು ಎರಡು ಪದರ ಕೂದಲು ಹೊದ್ದು ಹುಟ್ಟಿದ ಪ್ರಾಣಿ ಇಲ್ಲಿ ತಗಡಿನ ಮಾಡಿನ ಕೆಳಗೆ ಹೊಟ್ಟೆಯನ್ನು ಫರಸಿಗೆ ಒತ್ತಿಕೊಂಡು, ನಾಲಿಗೆ ಚಾಚಿ, ಮಧ್ಯಾಹ್ನವೆಲ್ಲ ಏದುಸಿರು ಬಿಡುತ್ತದೆ. ಅದಕ್ಕೆ ಎಷ್ಟು ಚಂದದ ಹೆಸರಿಟ್ಟರೆ ಏನು ಬಂತು? ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ ತೆಳ್ಳಗಿದೆ, ಕೂದಲು ಗಿಡ್ಡ, ಕಾಲು ಉದ್ದ, ಈ ಬಿಸಿಲಿಗೇ ಹುಟ್ಟಿದ್ದು. ಅದರ ಚಿತ್ರದ ಅಂಚೆಚೀಟಿ 2005ರಲ್ಲಿ ಬಂತು, 2016ರಲ್ಲಿ ಸೇನೆಯವರು ತರಬೇತಿಗೆ ಮೀರತ್‌ಗೆ ಒಯ್ದರು. ಪುಣೆಯ ಮೊಮ್ಮಗ ಹೆಸರನ್ನು ಎಲ್ಲಿಂದಲೋ ತಂದರೂ ನಾಯಿಯನ್ನು ಮುಧೋಳದಿಂದ ತಂದ. ಅಷ್ಟರಮಟ್ಟಿಗೆ ಅವನು ಜಾಣ.

ಹೆಸರಿಟ್ಟ ಮೇಲೆ ಬಿಟ್ಟುಬಿಡುವವರ ಮಾತು ಬೇರೆ. ವಾಸನೆ ಬಂತು, ವರ್ಗವಾಯಿತು, ಮಗು ಹುಟ್ಟಿತು ಎಂದು ಊರಹೊರಗೆ ಇಳಿಸಿ ಹೋದ ನಾಯಿಗಳ ಕೊರಳಲ್ಲಿ ಇನ್ನೂ ಪಟ್ಟಿ ಇರುತ್ತದೆ. ಡಾಬಾದ ಹತ್ತಿರ ನಿಂತು ಬಂದ ಪ್ರತಿ ಗಾಡಿಯ ಬಾಗಿಲನ್ನು ಮೂಸುತ್ತವೆ. ಅವಕ್ಕೆ ಒಂದು ಹೆಸರಿತ್ತು, ಆ ಹೆಸರು ಬಲ್ಲವರು ಯಾರೂ ಅಲ್ಲಿರುವುದಿಲ್ಲ. ದನ ಮಾರುವ ರೈತನನ್ನು ನಾವು ಕಠಿಣ ಮನಸ್ಸಿನವನೆಂದು ತಿಳಿಯುತ್ತೇವೆ. ಆದರೆ ತೊರವಿಯ ಸಂತೆಯಲ್ಲಿ ಹಗ್ಗ ಕೈಬದಲಾಗುವಾಗ ಬಲ್ಲ ರೈತ ರೊಕ್ಕ ಎಣಿಸಿಕೊಂಡ ಮೇಲೂ ಒಂದು ಮಾತು ಹೇಳುತ್ತಾನೆ. “ಸರ್ಜಾ ಅಂತ ಕರೀರಿ, ಬರ್ತೈತಿ.” ಕೊಳ್ಳುವವನೂ ಒಮ್ಮೆ ಕರೆದು ನೋಡುತ್ತಾನೆ. ಸಂತೆಯ ಗದ್ದಲದಲ್ಲಿ ಎತ್ತು ಕಿವಿ ತಿರುಗಿಸಿತೆಂದರೆ ಇಬ್ಬರಿಗೂ ಸಮಾಧಾನ.

ಸರಕಾರವೂ ಈಗ ದನಕ್ಕೆ ಗುರುತು ಕೊಟ್ಟಿದೆ. ಕಿವಿಗೆ ಹಳದಿ ಬಿಲ್ಲೆ, ಅದರ ಮೇಲೆ 12 ಅಂಕಿ, ನಮ್ಮ ಆಧಾರಿನಷ್ಟೇ. ಕಾಲುಬಾಯಿ ಬೇನೆಯ ಲಸಿಕೆ ಬರೆದಿಡಲು, ವಿಮೆಗೆ ಅದು ಬೇಕೇ ಬೇಕು, ನಾನು ಆಡಿಕೊಳ್ಳುತ್ತಿಲ್ಲ. ಆದರೆ ಗೋವಿನ ಹಾಡಿನ ಕಾಳಿಂಗ ಹಿಂಡಿಗೆ ಹಿಂಡನ್ನೇ ಹೆಸರು ಹಿಡಿದು ಕರೆದಿದ್ದನ್ನು ಕೇಳಿ ಬೆಳೆದ ನಾಡು ಇದು. 12 ಅಂಕಿಯನ್ನು ಕೂಗಿದರೆ ಯಾವ ಆಕಳೂ ತಿರುಗಿ ನೋಡದು.

ಎಲ್ವಿಶ್ ಬೇಕೆನ್ನುವ ಹುಡುಗರಿಗೆ ನನ್ನದೊಂದು ಸಲಹೆ. ಮರಿ ತಂದ ಮೊದಲ ವಾರ ಪುಸ್ತಕ ಮುಚ್ಚಿಡಿ. ಅದು ಹೇಗೆ ಮಲಗುತ್ತದೆ, ಯಾವುದಕ್ಕೆ ಹೆದರುತ್ತದೆ, ಮನೆಯಲ್ಲಿ ಯಾರ ಕಾಲ ಬುಡಕ್ಕೆ ಹೋಗುತ್ತದೆ, ನೋಡಿ. ಆಮೇಲೆ ಯಾವ ಭಾಷೆಯಲ್ಲಿ ಬೇಕಾದರೂ ಹುಡುಕಿ. ಎರಡಕ್ಷರದ್ದಿರಲಿ, ಮನೆಯ ಆಯಿಯ ಬಾಯಿಗೆ ಒಗ್ಗುವಂತಿರಲಿ. ಬರುವ ಕಾರಹುಣ್ಣಿಮೆಗೆ ಹೊನವಾಡದಲ್ಲಿ ಯಾರಾದರೂ ತಮ್ಮ ಖಿಲಾರಿಗೆ ರಾಸ್‌ಮುಂಡ್ ಎಂದು ಹೆಸರಿಟ್ಟರೂ ನನ್ನ ತಕರಾರಿಲ್ಲ. ನಾಲ್ಕು ದಿನದಲ್ಲಿ ಅದು ರಾಸ್ಮ್ಯಾ ಆಗುತ್ತದೆ. ಕೊಂಬು ಮಾತ್ರ ಉದ್ದ ಇರಬೇಕು.